ರಾಶಿಗೆಲ್ಲ ಒಂದೇ ಪ್ರಶ್ನೆ

ಕಲಬುರಗಿ ಜಿಲ್ಲೆಯ ಜೇವರ್ಗಿ ತೊಗರಿಯ ಸೀಮೆ. ಅಲ್ಲಿ ರಾಶಿಯಾದಾಗ ಕಾಳುಗಳನ್ನು ಒಂದೊಂದಾಗಿ ಎತ್ತಿ 'ಇದು ದಪ್ಪವೋ ಸಣ್ಣದೋ' ಎಂದು ಯಾರೂ ನೋಡುತ್ತ ಕೂಡುವುದಿಲ್ಲ; ಸಾಣಿಗೆಗೆ ಸುರಿದು ಆಡಿಸುತ್ತಾರೆ. ಪ್ರಶ್ನೆಯು ಸಾಣಿಗೆಯ ಕಣ್ಣಿನಲ್ಲಿಯೇ ಅಡಗಿದೆ. ಗಣಕಯಂತ್ರದಲ್ಲಿ ಅಂಕಿಗಳ ರಾಶಿಯನ್ನು ವಿಂಗಡಿಸುವವರು ಕಲಿಯಬೇಕಾದ ಪಾಠವೂ ಇದೇ.

ತೊಗರಿಯು ಮಳೆಯನ್ನು ನಂಬಿದ ಬೆಳೆ. ಆದುದರಿಂದ ಮಳೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಭಾರತದ ಹವಾಮಾನ ಇಲಾಖೆಯ ಗಣನೆಯಂತೆ 2.5 ಮಿಲಿಮೀಟರು ಅಥವಾ ಅದಕ್ಕೂ ಹೆಚ್ಚು ಮಳೆ ಬಿದ್ದ ದಿನವು 'ಮಳೆಯ ದಿನ'. 1901ರಿಂದ 2000ದವರೆಗೆ ಒಟ್ಟು 36,525 ದಿನಗಳು. ಸಾವಿರ ಊರುಗಳ ದಾಖಲೆಯಿದ್ದರೆ ಅಂಕಿಗಳು ಮೂರೂವರೆ ಕೋಟಿಯನ್ನು ಮೀರುತ್ತವೆ.

ಸಂಖ್ಯಾಶಾಸ್ತ್ರಕ್ಕೆ ಬಳಕೆಯಾಗುವ 'ಆರ್' ಎಂಬ ಭಾಷೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಅವರು ರೂಪಿಸಿದರು. ಅದರಲ್ಲಿ ಅಂಕಿಗಳ ಸಾಲಿಗೆ ವೆಕ್ಟರ್ ಎಂದು ಹೆಸರು. ಅಂಕಿಗಳನ್ನು ಒಂದೊಂದಾಗಿ ಪರೀಕ್ಷಿಸಹೊರಟರೆ, ಆಜ್ಞೆಯನ್ನು ನಡೆಸುವ ಹೊರೆಯು ಪ್ರತಿ ಅಂಕಿಗೂ ಹೊಸದಾಗಿ ಬೀಳುತ್ತದೆ. ಇಡೀ ಸಾಲಿಗೆ ಪ್ರಶ್ನೆಯನ್ನು ಒಮ್ಮೆಗೇ ಹಾಕಿದರೆ ಆ ಹೊರೆಯು ಒಂದೇ ಸಲ. ಉಳಿದ ಹೋಲಿಕೆಗಳು ಯಂತ್ರದೊಳಗೆ ಅತಿ ವೇಗವಾಗಿ ಸಾಗುತ್ತವೆ.

ಜೇವರ್ಗಿಯ ಒಂದು ವಾರದ ಮಳೆ 0, 12, 1, ಖಾಲಿ, 70, 3, 0 ಮಿಲಿಮೀಟರು ಎಂದು ಭಾವಿಸೋಣ. '2.5 ಅಥವಾ ಹೆಚ್ಚೇ?' ಎಂದು ಕೇಳಿದರೆ ಅಲ್ಲ, ಹೌದು, ಅಲ್ಲ, ತಿಳಿಯದು, ಹೌದು, ಹೌದು, ಅಲ್ಲ ಎಂಬ ಇನ್ನೊಂದು ಸಾಲು ದೊರೆಯುತ್ತದೆ. 'ಹೌದು' ಎಂಬುದನ್ನು 1, 'ಅಲ್ಲ' ಎಂಬುದನ್ನು 0 ಎಂದು ಎಣಿಸುವುದರಿಂದ ಕೂಡಿದರೆ ಸಾಕು, ಮಳೆಯ ದಿನಗಳ ಸಂಖ್ಯೆ ಬರುತ್ತದೆ. ದಿನಗಳಿಗೆ 'ಮಳೆ', 'ಒಣ' ಎಂದು ಹೆಸರು ಹಚ್ಚಲು 'ಇಫ್‌ಎಲ್ಸ್' ಎಂಬ ಆಜ್ಞೆಯಿದೆ. ಸಾಧಾರಣವಾದ 'ಇಫ್' ಆದರೋ ಒಂದೇ ಉತ್ತರವನ್ನು ಬಲ್ಲದು. ಅದಕ್ಕೆ ಉದ್ದನೆಯ ಸಾಲನ್ನು ಕೊಟ್ಟರೆ 2022ರ ಆವೃತ್ತಿಯಿಂದೀಚೆಗೆ ಅದು ತಪ್ಪೆಂದು ನಿಂತುಬಿಡುತ್ತದೆ.

ಹಗುರ, ಸಾಧಾರಣ, ಭಾರಿ ಎಂಬ ಹಲವು ವರ್ಗಗಳು ಬೇಕಾದರೆ 'ಇಫ್‌ಎಲ್ಸ್'ನೊಳಗೆ 'ಇಫ್‌ಎಲ್ಸ್' ಹೆಣೆದು ಸಾಲನ್ನು ಮತ್ತೆ ಮತ್ತೆ ಓಡಿಸುವುದು ಜಾಣತನವಲ್ಲ. 2.5, 15.6, 64.5 ಎಂಬ ಗಡಿಗಳನ್ನು 'ಕಟ್' ಎಂಬ ಆಜ್ಞೆಗೆ ಒಪ್ಪಿಸಬೇಕು. ಒಂದರ ಕೆಳಗೊಂದು ಸಾಣಿಗೆಗಳನ್ನು ಜೋಡಿಸಿದಂತೆ ಎಲ್ಲ ವರ್ಗಗಳೂ ಒಟ್ಟಿಗೇ ಬೇರ್ಪಡುತ್ತವೆ.

ಆದರೆ ವೇಗವೇ ಸರ್ವಸ್ವವಲ್ಲ. ಆ ಖಾಲಿ ದಿನವನ್ನು ನಾವು ಏನು ಮಾಡಬೇಕು? ಅಲ್ಲಿ 0 ಬರೆದರೆ, ಅಳೆಯದ ದಿನವು ಒಣದಿನವಾಗುತ್ತದೆ. ಬಾರದ ಬರಗಾಲವು ಕಾಗದದ ಮೇಲೆ ಬರುತ್ತದೆ. 'ಆರ್' ಹಾಗೆ ಮಾಡುವುದಿಲ್ಲ. ಒಂದು ಉತ್ತರ ತಿಳಿಯದಿದ್ದರೆ ಮೊತ್ತವೂ ತಿಳಿಯದೆಂದೇ ಹೇಳುತ್ತದೆ. ಖಾಲಿಯನ್ನು ಬಿಟ್ಟು ಎಣಿಸೆಂದು ನಾವು ಆಜ್ಞಾಪಿಸಿದರೆ ಮಾತ್ರ 3 ಎನ್ನುತ್ತದೆ. ಅದು ಏಳು ದಿನಗಳಲ್ಲಿ ಮೂರಲ್ಲ, ಅಳೆದ ಆರು ದಿನಗಳಲ್ಲಿ ಮೂರು. ಈ ಭೇದವನ್ನು ಬರೆದಿಡುವುದು ಯಂತ್ರದ ಕೆಲಸವಲ್ಲ, ನಮ್ಮದು.