ಬೆನ್ನುಮೂಳೆ ಇಲ್ಲದವರ ಮುಂಬಯಿ

ಚಳಿಗಾಲ ಬಂತೆಂದರೆ ಶಿವಡಿ, ಐರೋಲಿ ಕಡೆಗೆ ಕ್ಯಾಮೆರಾ ಹಿಡಿದು ಹೊರಡುವವರಿಗೆ ಕಡಿಮೆಯಿಲ್ಲ. ಫ್ಲೆಮಿಂಗೊಗಳ ಗುಲಾಬಿ ಸಾಲು ನೋಡಬೇಕಾದ್ದೇ. ಅವುಗಳಿಂದಾಗಿ ಥಾಣೆ ಖಾಡಿ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ಅಲ್ಲಿನ ಹಕ್ಕಿಗಳೆಲ್ಲ ಕೆಸರಿಗೆ ಕೊಕ್ಕು ಹಾಕುವುದು ಯಾತಕ್ಕೆ? ಕಿರಿ ಫ್ಲೆಮಿಂಗೊಗೆ ಪಾಚಿ ಸಾಕು. ಹಿರಿ ಫ್ಲೆಮಿಂಗೊ, ಉಲ್ಲಂಕಿಗಳಂಥ ಹಕ್ಕಿಗಳಿಗೆ ಬೇಕಾದದ್ದು ಹುಳು, ಬಸವನಹುಳು, ಸೀಗಡಿ, ಮರಿಏಡಿ. ಫೋಟೊದಲ್ಲಿ ಬರುವುದು ಹಕ್ಕಿ ಮಾತ್ರ, ಅದರ ಊಟ ಕೆಸರಿನೊಳಗೇ ಉಳಿಯುತ್ತದೆ.

ಮೃದ್ವಂಗಿ, ಸಂಧಿಪದಿ, ವಲಯವಂತ, ಕಂಟಕಚರ್ಮಿ ಎಂದೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯೆ? ಪರೀಕ್ಷೆ ಮುಗಿದ ಮೇಲೆ ಅವುಗಳ ಗೊಡವೆ ನಮಗಿಲ್ಲ. ಭೂಮಿಯ ಮೇಲಿನ ಪ್ರಾಣಿ ಪ್ರಭೇದಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಬೆನ್ನುಮೂಳೆ ಇಲ್ಲದವು. ಆ ಪಾಠದ ಬಹುಪಾಲು ಜೀವಿಗಳು ಮುಂಬಯಿಯ ಕಲ್ಲುದಂಡೆಯ ಮೇಲೇ ಸಿಗುತ್ತವೆ.

ನೀರಿಳಿದಾಗ ಹಾಜಿ ಅಲಿಯ ಆಸುಪಾಸಿನ ಬಂಡೆ ನೋಡಿ. ಮೇಲ್ಗಡೆ ಒರಟು ಬಿಳಿ ಚುಕ್ಕೆಗಳಂತೆ ಅಂಟಿಕೊಂಡಿರುವುದು ಬಾರ್ನಕಲ್. ಸಿಂಪಿಯಂತೆ ಕಂಡರೂ ಇದು ಏಡಿ, ಸೀಗಡಿಗಳ ದಾಯಾದಿ. ತಲೆ ಕೆಳಗೆ ಮಾಡಿ ಬಂಡೆಗೆ ಅಂಟಿಕೊಂಡು, ನೀರು ಬಂದಾಗ ಕಾಲುಗಳನ್ನು ಹೊರಚಾಚಿ ಆಹಾರವನ್ನು ಬಾಯಿಗೆ ತಳ್ಳಿಕೊಳ್ಳುತ್ತದೆ. ಜೀವಮಾನವೆಲ್ಲ ಶೀರ್ಷಾಸನ! ಇನ್ನೂ ಕೆಳಗೆ, ಹೊಂಡಗಳಲ್ಲಿ ಕಡಲಹೂವು, ಸ್ಪಂಜು, ಬಣ್ಣಬಣ್ಣದ ಚಿಪ್ಪಿಲ್ಲದ ಬಸವನಹುಳು, ಅದೃಷ್ಟವಿದ್ದರೆ ಅಷ್ಟಪಾದಿ. ಹವಳವೂ ಇದೆ. ಲಕ್ಷದ್ವೀಪದಂತೆ ದಿಬ್ಬ ಕಟ್ಟುವುದಿಲ್ಲ. ಕಲಕು ನೀರಿನಲ್ಲೂ ಬಂಡೆಗೆ ಅಂಟಿ ತೇಪೆಯಂತೆ ಬೆಳೆಯುತ್ತದೆ.

ಬಂಡೆಯ ಸಿಂಪಿ, ಮರಳಿನ ಮರುವಾಯಿ ಎರಡೂ ನೀರನ್ನು ಸೋಸಿ ಬದುಕುತ್ತವೆ. ಊರಿನಲ್ಲಿ ನಾವು ಸುಕ್ಕ ಮಾಡುವ ಮರುವಾಯಿಗೆ ಇಲ್ಲಿಯ ಮೀನು ಮಾರ್ಕೆಟಿನಲ್ಲಿ ತಿಸ್ರ್ಯಾ ಎಂದು ಹೆಸರು. ಒಳಗೆಳೆದ ನೀರಿನಿಂದ ತೇಲುವ ಪಾಚಿ, ಕಸರು ಹಿಡಿದುಕೊಂಡು ತಿಳಿನೀರು ಹೊರಬಿಡುತ್ತವೆ. ಹಾಗಾಗಿ ಗಟಾರದ ನೀರಿನ ವಿಷವೂ ಅವುಗಳ ಮಾಂಸದಲ್ಲೇ ಸೇರುತ್ತದೆ. ಎಲ್ಲಿಂದ ತಂದದ್ದೆಂದು ಕೇಳಿಯೇ ಕೊಳ್ಳುವುದು ಒಳ್ಳೆಯದು.

ಜುಹುವಿನ ಒದ್ದೆ ಮರಳಿನ ಮೇಲೆ ಗೋಲಿಗಳ ರಂಗೋಲಿ ಕಂಡಿರಬಹುದು. ಉಗುರಿನಷ್ಟು ಗಾತ್ರದ ಏಡಿಗಳ ಕೆಲಸವದು. ಮರಳನ್ನು ಬಾಯಿಗೆ ಹಾಕಿ, ಅಂಟಿದ ಸೂಕ್ಷ್ಮ ಪಾಚಿ, ಕೊಳೆತದ್ದನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಎಸೆಯುತ್ತವೆ. ಉಬ್ಬರ ಬಂದು ಎಲ್ಲ ಅಳಿಸುತ್ತದೆ, ಇಳಿದ ಮೇಲೆ ಮತ್ತೆ ಶುರು. ಕಾಂಡ್ಲಾ ಕಾಡಿನ ಏಡಿಗಳು ಉದುರಿದ ಎಲೆಗಳನ್ನು ಕತ್ತರಿಸಿ ಬಿಲಕ್ಕೆ ಎಳೆದೊಯ್ಯುತ್ತವೆ. ಆ ಬಿಲಗಳಿಂದಲೇ ಉಸಿರುಗಟ್ಟುವ ಕೆಸರಿಗೆ ಗಾಳಿ ಸಿಗುವುದು. ಏಡಿ ಹೋದರೆ ಕಾಂಡ್ಲಾಕ್ಕೂ ಕಷ್ಟ.

ಈಗ ಕೋಸ್ಟಲ್ ರೋಡ್ ವಿಷಯ. ಅದರ ಮೇಲೆ ಕಾರು ಓಡಿಸುವ ಸುಖ ಅಲ್ಲಗಳೆಯುವಂತಿಲ್ಲ. ಅದಕ್ಕಾಗಿ ಕಡಲಿನಿಂದ ಪಡೆದ ಜಾಗ ಸುಮಾರು 111 ಹೆಕ್ಟೇರ್. ಮಣ್ಣು ತುಂಬಿದ ದಾರಿಯಲ್ಲಿ ವರ್ಲಿ, ಹಾಜಿ ಅಲಿಗಳ ಹವಳವೂ ಇತ್ತು. ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿಗೆ 2001ರಲ್ಲಿ ಹವಳ ಸೇರಿದ್ದರಿಂದ ಹಾಗೆಯೇ ಮುಚ್ಚುವಂತಿರಲಿಲ್ಲ. ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಕೈಯಲ್ಲಿ 18 ಹವಳದ ಸಮೂಹಗಳನ್ನು 2020ರಲ್ಲಿ ಬೇರೆಡೆಗೆ ಸ್ಥಳಾಂತರಿಸಲಾಯಿತು.

ಆ ಕೆಲಸ ಮಾಡಿದ್ದು ಸರಿಯೇ. ಆದರೆ ಅದೇ ಬಂಡೆಯ ಬಾರ್ನಕಲ್, ಕಡಲಹೂವು, ಸಿಂಪಿ, ಕೊಳವೆಹುಳುಗಳ ಹೆಸರು ಕಾಯ್ದೆಯಲ್ಲಿಲ್ಲ. ಅವುಗಳನ್ನು ಎತ್ತಿಡುವವರೂ ಇರಲಿಲ್ಲ. ಹವಳ ಒಂಟಿಯಾಗಿ ಬದುಕುವ ಜೀವಿಯಲ್ಲ, ಆ ಹೊಂಡ, ಆ ನೆರೆಹೊರೆ ಸೇರಿ ಒಂದು ಓಣಿ. ಓಣಿಯಿಂದ ಹದಿನೆಂಟು ಮನೆಯವರನ್ನು ಮಾತ್ರ ಎತ್ತಿ ಉಳಿದವರ ಮೇಲೆ ಮಣ್ಣು ಸುರಿದರೆ ಅದನ್ನು ಪುನರ್ವಸತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹೊಸ ತಡೆಗೋಡೆಯ ಮೇಲೂ ಸಿಂಪಿ, ಬಾರ್ನಕಲ್ ಬಂದು ಕೂರುತ್ತವೆ, ನಿಜ. ಆದರೆ ನೀರಿಳಿದಾಗ ಮೈ ಒದ್ದೆಯಾಗಿಡುವ ಹೊಂಡ, ಸಂದುಗಳು ಸಪಾಟು ಗೋಡೆಗೆ ಎಲ್ಲಿಂದ ಬರಬೇಕು?

ಉಳಿದಿರುವುದನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. 2017ರಲ್ಲಿ ಶುರುವಾದ ‘ಮರೀನ್ ಲೈಫ್ ಆಫ್ ಮುಂಬಯಿ’ ತಂಡ ಜನರನ್ನು ಕರೆದೊಯ್ದು ದಂಡೆಯ ಜೀವಿಗಳನ್ನು ತೋರಿಸುವ ನಡಿಗೆಗಳನ್ನು ನಡೆಸಿದೆ. ತಾವೇ ಹೋಗುವವರು ಹುಣ್ಣಿಮೆ, ಅಮಾವಾಸ್ಯೆಯ ಆಚೀಚಿನ ದಿನ ಆರಿಸಿಕೊಳ್ಳಿ. ಆಗ ಮುಂಬಯಿಯಲ್ಲಿ ನೀರು ಅತಿ ಕೆಳಗಿಳಿಯುವುದು ಬೆಳಗ್ಗೆ, ಸಂಜೆ ಆರೇಳರ ಸುಮಾರಿಗೆ. ಹಿಡಿತವಿರುವ ಚಪ್ಪಲಿ ಹಾಕಿ, ಉಬ್ಬರ ಏರುವ ಮೊದಲೇ ಹಿಂದಿರುಗಿ. ಕಲ್ಲು ಮಗುಚಿ ನೋಡಿದರೆ ಮೊದಲಿದ್ದಂತೆಯೇ ಇಡಿ, ಅಡಿಯಲ್ಲಿದ್ದವು ಬಿಸಿಲಿಗೆ ಒಣಗಿ ಸಾಯುತ್ತವೆ. ಮಳೆಗಾಲದಲ್ಲಿ ಜುಹು, ಗಿರಗಾಂವ್ ಮರಳಿನ ಮೇಲೆ ನೀಲಿ ಬಲೂನಿನಂಥದು ಬಿದ್ದಿದ್ದರೆ ಅದು ಬ್ಲೂ ಬಾಟಲ್. ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ, ಸತ್ತ ಮೇಲೂ ಅದರ ಎಳೆಗಳು ಕುಟುಕುತ್ತವೆ.