ಎದೆಯ ಶಸ್ತ್ರಚಿಕಿತ್ಸೆಯ ನಂತರದ ಅಂಗಮರ್ದನ ಮತ್ತು ಆರೈಕೆ

ತೆರೆದ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಕೊನೆಯಲ್ಲಿ ಉಕ್ಕಿನ ತಂತಿಯಿಂದ ಬಿಗಿಯಲಾಗುತ್ತದೆ. ಮೂಳೆ ಕೂಡಿಕೊಳ್ಳಲು ಸುಮಾರು 8ರಿಂದ 12 ವಾರಗಳು ಬೇಕು. ಚರ್ಮವು ಅದಕ್ಕೂ ಮೊದಲೇ ಮಾಯುವುದರಿಂದ ಗುಣವಾಯಿತೆಂಬ ಭ್ರಮೆ ಉಂಟಾಗುತ್ತದೆ.

ಈ ಚಿಕಿತ್ಸೆಗೆ ಹೆಸರಾದ ಜಯದೇವ ಹೃದ್ರೋಗ ಸಂಸ್ಥೆಯಿರುವ ಬೆಂಗಳೂರು ಬಳ್ಳಾರಿಯಿಂದ ಸುಮಾರು 300 ಕಿ.ಮೀ. ದೂರದಲ್ಲಿದೆ. ಆದಕಾರಣ ಊರಿಗೆ ಮರಳಿದವರ ಆರೈಕೆ ಬಹುಪಾಲು ಮನೆಯವರದೇ. ಎಣ್ಣೆ ಹಚ್ಚಿ ಮೈ ನೀವುವುದು ನಮ್ಮಲ್ಲಿ ರೂಢಿ. ಆದರೆ ಹಸಿ ಗಾಯಕ್ಕೆ ಎಣ್ಣೆ, ಅರಿಸಿನ ಹಚ್ಚಿದರೆ ಸೋಂಕು ತಗಲಬಹುದು. ಎದೆಯನ್ನು ಒತ್ತಿದರೆ ಕೂಡುತ್ತಿರುವ ಮೂಳೆ ಕದಲಬಹುದು. ಭುಜ, ಕುತ್ತಿಗೆಗಳ ಬಿಗಿತಕ್ಕೆ ರೋಗಿಯನ್ನು ಕುಳ್ಳಿರಿಸಿ ಹಗುರವಾಗಿ ನೀವಬಹುದು, ಬೋರಲು ಮಲಗಿಸಬಾರದು.

ಹೆಚ್ಚಿನ ಎಚ್ಚರ ಬೇಕಾದುದು ಕಾಲಿನ ವಿಷಯದಲ್ಲಿ. ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಆ ಹೆಪ್ಪು ಕದಲಿ ಶ್ವಾಸಕೋಶವನ್ನು ತಲುಪಿ ಪ್ರಾಣಾಪಾಯ ಒಡ್ಡಬಲ್ಲದು. ತಕ್ಷಣ ವೈದ್ಯರಿಗೆ ತೋರಿಸಬೇಕು.

ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿಕೊಂಡರೆ ನೋವು ತಗ್ಗುತ್ತದೆ. ನೀರು ತುಂಬಿದ ಕೊಡ ಎತ್ತುವುದು ಈ ವಾರಗಳಲ್ಲಿ ನಿಷಿದ್ಧ. ಬಳ್ಳಾರಿಯ ಬೇಸಿಗೆಯಲ್ಲಿ ಬೆವರು ಗಾಯದ ಮೇಲೆ ನಿಲ್ಲದಂತೆ ಸಡಿಲವಾದ ಹತ್ತಿಯ ಬಟ್ಟೆ ಒಳ್ಳೆಯದು. ಗಾಯ ಪೂರ್ಣವಾಗಿ ಮಾಯ್ದು ವೈದ್ಯರು ಒಪ್ಪಿದ ಬಳಿಕ ಕಲೆಯನ್ನು ದಿನವೂ ಕೆಲವು ನಿಮಿಷ ಬೆರಳ ತುದಿಯಿಂದ ಮೆಲ್ಲನೆ ನೀವಿದರೆ ಚರ್ಮ ಮೃದುವಾಗಲು ನೆರವಾಗಬಹುದು. ಜ್ವರ, ಕೀವು ಅಥವಾ ಎದೆಮೂಳೆಯಲ್ಲಿ ಕಟಕಟ ಸದ್ದು ಕಂಡುಬಂದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬಾರದು.