ಆರು ವರ್ಷಕ್ಕೆ ಮೊದಲಿನ ಶಾಲೆ

ಮಣಿಪಾಲದ ಆ ಕೋಣೆಯಲ್ಲಿ ಬೆಂಚೂ ಇಲ್ಲ, ಕರಿಹಲಗೆಯೂ ಇಲ್ಲ. ನೆಲಕ್ಕೆ ಬಣ್ಣದ ಮ್ಯಾಟ್, ಗೋಡೆಯಲ್ಲಿ ಮಕ್ಕಳ ಎತ್ತರಕ್ಕೆ ಕೂರಿಸಿದ ಕನ್ನಡಿ, ಮೂಲೆಯಲ್ಲೊಂದು ದೊಡ್ಡ ಥೆರಪಿ ಚೆಂಡು. ನಾಲ್ಕು ವರ್ಷದ ಹುಡುಗನೊಬ್ಬ ಚಡ್ಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದಾನೆ. ಟೀಚರ್ ಅವನ ಎರಡೂ ಕಾಲು ತೂರಿಸಿ, ಚಡ್ಡಿಯನ್ನು ಸೊಂಟದ ಹತ್ತಿರದವರೆಗೆ ತಂದು, ಹೆಬ್ಬೆರಳುಗಳನ್ನು ಇಲಾಸ್ಟಿಕ್ಕಿನೊಳಗೆ ಇಟ್ಟು ಕೈ ಬಿಟ್ಟರು. ಉಳಿದ ನಾಲ್ಕು ಬೆರಳಗಲ ಅವನ ಪಾಲಿನದು. ಒಮ್ಮೆ ಜಾರಿತು. ಇನ್ನೊಮ್ಮೆ ಎಳೆದ, ಬಂತು. ಕನ್ನಡಿ ನೋಡಿಕೊಂಡು ತಾನೇ ಚಪ್ಪಾಳೆ ಹೊಡೆದುಕೊಂಡ.

“ಮೊದಲ ಹೆಜ್ಜೆಯಿಂದ ಕಲಿಸಲಿಕ್ಕೆ ಹೋದ್ರೆ ಅಲ್ಲೇ ಬೇಜಾರಾಗಿ ಎದ್ದು ಹೋಗ್ತಾನೆ. ಕೊನೆಯಿಂದ ಕಲಿಸಿದ್ರೆ ಪ್ರತಿ ಸಲ ಕೆಲಸ ಮುಗಿಸಿದ ಖುಷಿ ಅವನಿಗೇ ಸಿಗ್ತದೆ” ಎಂದರು ಟೀಚರ್. ಈ ಎಳೆತ ಕೈಗೆ ಹತ್ತಿದ ಮೇಲೆ ಅವರು ಚಡ್ಡಿಯನ್ನು ತೊಡೆಯವರೆಗಷ್ಟೇ ತಂದುಕೊಡುತ್ತಾರೆ, ಆಮೇಲೆ ಮೊಣಕಾಲಿನವರೆಗೆ, ಕೊನೆಗೆ ಕೈಗೇ ಕೊಡುತ್ತಾರೆ. ಇವನಂತೆ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಸ್ನಾಯುಗಳು ಹುಟ್ಟಿನಿಂದಲೇ ಸಡಿಲ. ಬೆರಳಿಗೆ ಹಿಡಿತ ಬರುವುದು ನಿಧಾನ. ಬಟ್ಟೆ ಕ್ಲಿಪ್ಪು ಒತ್ತುವ, ಹಿಟ್ಟು ನಾದುವ ಆಟಗಳನ್ನು ತಿಂಗಳುಗಟ್ಟಲೆ ಆಡಿದ ಮೇಲೆ ಈ ಹೆಬ್ಬೆರಳು ಇಲ್ಲಿಗೆ ಬಂದಿದೆ.

ಕಪಾಟಿನಲ್ಲಿ ಒಂದೊಂದು ಮಗುವಿಗೆ ಒಂದೊಂದು ಫೈಲು, ಒಳಗೆ ಕಲಿತದ್ದರ ಪಟ್ಟಿ. 1975ರಲ್ಲಿ ಮದ್ರಾಸಿನ ಜಯಚಂದ್ರನ್ ಮತ್ತು ವಿಮಲಾ ರೂಪಿಸಿದ ಎಂಡಿಪಿಎಸ್ ಎಂಬ ಇಂಥ ಪಟ್ಟಿ ನಮ್ಮ ದೇಶದ ವಿಶೇಷ ಶಿಕ್ಷಕರಿಗೆ ಚಿರಪರಿಚಿತ. 18 ವಿಭಾಗ, ಒಂದೊಂದರಲ್ಲಿ 20ರಂತೆ ಒಟ್ಟು 360 ಕೌಶಲ. ಐಕ್ಯೂ ಅಂಕಿಗೆ ಅಲ್ಲಿ ಜಾಗವಿಲ್ಲ. ಉಣ್ಣುವುದು, ಉಡುವುದು, ನಡೆಯುವುದು, ಮಾತು ಹೀಗೆ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಕೆಯೂ ಇಲ್ಲ; ಹೋದ ಸಲದ ತನ್ನ ಜೊತೆಗೇ ಈ ಹುಡುಗನ ಹೋಲಿಕೆ. ಪ್ರಗತಿ ಎನ್ನುವುದನ್ನು ಇಷ್ಟು ಪ್ರಾಮಾಣಿಕವಾಗಿ ಅಳೆಯುವ ಅಂಕಪಟ್ಟಿಯನ್ನು ನಾನು ಬೇರೆ ಯಾವ ಶಾಲೆಯಲ್ಲೂ ಕಂಡಿಲ್ಲ.

ಹುಡುಗನ ಮನೆ ಕಾಪು ಕಡೆ. ತಾಯಿ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಉಡುಪಿಯಲ್ಲಿ ಬಸ್ಸು ಬದಲಿಸುತ್ತಾರೆ. ನಾನು ಹೋದಾಗ ಮನೆಯಲ್ಲಿ ಅಜ್ಜಿ ಬೀಡಿ ಕಟ್ಟುತ್ತಾ ಕೂತಿದ್ದರು. ಎಲ್ಲರದ್ದೂ ತುಳು. ಮಗುವಿಗೆ ಗೊಂದಲವಾಗುತ್ತದೆ, ಕನ್ನಡದಲ್ಲೇ ಮಾತಾಡಿ ಎಂದು ಹಿಂದೆ ಯಾರೋ ಹೇಳಿದ್ದರಂತೆ. ಅಜ್ಜಿಗೆ ಕನ್ನಡ ಸರಾಗವಿಲ್ಲ. ಮೊಮ್ಮಗನ ಹತ್ತಿರ ಮಾತೇ ಕಡಿಮೆ ಮಾಡಿಬಿಟ್ಟರು. ಡೌನ್ ಸಿಂಡ್ರೋಮ್ ಇರುವ ಮಕ್ಕಳು ಎರಡು ಭಾಷೆಯ ನಡುವೆ ಬೆಳೆದರೆ ಮಾತಿಗೆ ಹಾನಿಯಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಈ ಮಕ್ಕಳಿಗೆ ಆಡುವುದಕ್ಕಿಂತ ಅರ್ಥವಾಗುವುದು ಹೆಚ್ಚು, ಹಾಗಾಗಿ ಸುತ್ತ ಮಾತು ಹೆಚ್ಚಿದ್ದಷ್ಟೂ ಒಳ್ಳೆಯದು. ಅಜ್ಜಿಯ ತುಳು ಈಗ ವಾಪಸು ಬಂದಿದೆ. ಟೀಚರ್ ಹೇಳಿಕೊಟ್ಟಂತೆ ಅವರು ನೀರಿನ ಲೋಟ ಹಿಡಿದು ಸುಮ್ಮನೆ ಕಾದರು. ಮೊದಲಾದರೆ ಅಳುವ ಮುಂಚೆಯೇ ಕುಡಿಸಿಬಿಡುತ್ತಿದ್ದರಂತೆ. ಹುಡುಗ ಹೆಬ್ಬೆರಳನ್ನು ಬಾಯಿಗೆ ತಂದ, ತಡೆದ, “ನೀ” ಎಂದ. ಲೋಟ ಸಿಕ್ಕಿತು.

ಮನೆಯವರನ್ನೇ ಟೀಚರ್ ಮಾಡುವ ಈ ಕ್ರಮ ಹಳೆಯದು. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಊರಲ್ಲಿ, ಮನೆಗಳು ದೂರದೂರ ಎಂಬ ಕಾರಣಕ್ಕೆ ಶಿಕ್ಷಕರೇ ವಾರಕ್ಕೊಮ್ಮೆ ಮನೆಗೆ ಹೋಗಿ ತಾಯಿಗೆ ಕಲಿಸಿದರು. ತೋಟಕ್ಕೊಂದು ಮನೆಯ ನಮ್ಮ ಕರಾವಳಿಗೆ ಹೇಳಿ ಮಾಡಿಸಿದಂತಿದೆ.

ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಡುವುದು 6ರಿಂದ 18 ವರ್ಷದವರಿಗೆ. ನಾಲ್ಕರ ಈ ಹುಡುಗನಿಗೆ ಆ ಹಕ್ಕು ಬರಲು ಇನ್ನೆರಡು ವರ್ಷ ಬೇಕು. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯ ಯೋಜನೆಯ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬ ನಿಯಮವಿದೆ, ಒಳ್ಳೆಯದೇ. ತೊಂದರೆ ಪತ್ತೆಯಾದ ಮರುದಿನದಿಂದ ದಿನಾ ಕಲಿಸುವವರು ಯಾರು? ಬಸ್ ಚಾರ್ಜು ಯಾರದು, ತಾಯಿ ಬಿಟ್ಟ ಕೂಲಿ ಯಾರದು? ಮಿದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳನ್ನೇ ಹಕ್ಕಿನಿಂದ ಹೊರಗಿಟ್ಟಿರುವುದನ್ನು ನಾನು ಒಪ್ಪಲಾರೆ. ಮಣಿಪಾಲದ ಆಸರೆ, ಉಪ್ಪೂರಿನ ಸ್ಪಂದನ, ಪಾಂಬೂರಿನ ಮಾನಸ, ಕಾರ್ಕಳ ಅಯ್ಯಪ್ಪನಗರದ ವಿಜೇತದಂಥ ವಿಶೇಷ ಶಾಲೆಗಳನ್ನು ಈ ಜಿಲ್ಲೆಯಲ್ಲಿ ಕಟ್ಟಿ ನಿಲ್ಲಿಸಿದ್ದು ಟ್ರಸ್ಟು, ಸಂಘಸಂಸ್ಥೆಗಳು.

ಪರ್ಕಳ, ಹಿರಿಯಡ್ಕ ದಾಟಿ ಕಾರ್ಕಳಕ್ಕೆ ಹೋದಾಗ ಇನ್ನೊಬ್ಬ ತಾಯಿ ಸಿಕ್ಕರು. ಅವರ ಮಗಳು ಒಂಬತ್ತಕ್ಕೆ ವಿಶೇಷ ಶಾಲೆ ಸೇರಿದವಳು. “ನಮ್ಮಲ್ಲಿ ಎಲ್ಲರಿಗೂ ಮಾತು ತಡ ಅಂತ ಅತ್ತೆ ಹೇಳಿದ್ರು, ನಾನೂ ನಂಬಿದೆ. ಕಿವಿ ತೋರಿಸಿದ್ದೇ ಏಳನೇ ವರ್ಷಕ್ಕೆ.” ಹುಡುಗಿ ಈಗಲೂ ಕಲಿಯುತ್ತಿದ್ದಾಳೆ, ತಲೆ ಬಾಚಿಕೊಳ್ಳುತ್ತಾಳೆ, ಅಂಗಡಿಗೆ ಹೋಗಿ ಚೀಟಿ ಕೊಟ್ಟು ಸಾಮಾನು ತರುತ್ತಾಳೆ. ಅಂಗನವಾಡಿಯಲ್ಲಿ ಕರೆದರೂ ತಿರುಗದ, ಒಂದೂವರೆ ವರ್ಷವಾದರೂ ಒಂದು ಮಾತೂ ಆಡದ ಮಗು ಕಂಡರೆ ಈ ತಾಯಿ ಅದರ ಅಮ್ಮನನ್ನು ಹುಡುಕಿಕೊಂಡು ಹೋಗುತ್ತಾರೆ. ಕೆಲವರಿಗೆ ಸಿಟ್ಟು ಬರುತ್ತದೆ. “ಒಂದ್ಸಲ ಕಿವಿ ತೋರಿಸಿಕೊಂಡು ಬನ್ನಿ ಅಕ್ಕಾ, ಬೈಯುವುದಿದ್ರೆ ಆಮೇಲೆ ಬೈಯಿರಿ” ಎನ್ನುತ್ತಾರಂತೆ.